ಡಯಾನಾ ಕಾಲೇಜಿಗೆ ಹೋಗಿದ್ದಿದ್ದರೆ

ಹುಡುಗಿಯರು ಬೆಳೆದು ದೊಡ್ಡವರಾಗುವ ಕಥೆ ಹೇಳುವ ಹಳೆಯ ಇಂಗ್ಲಿಷ್ ಕಾದಂಬರಿಗಳನ್ನು ಓದಿದವರು ಒಂದೆಡೆ ಸೇರಿದರೆ ಮಾತು ಬಲುಬೇಗ ಹುಡುಗರ ಕಡೆ ಹೊರಳುತ್ತದೆ. 'ಲಿಟಲ್ ವಿಮೆನ್'ನ ಜೋ ಯಾಕೆ ಲಾರಿಯನ್ನು ಬೇಡವೆಂದಳು, ಗಿಲ್ಬರ್ಟ್‌ನಂಥವನನ್ನು 'ಆನ್ ಆಫ್ ಗ್ರೀನ್ ಗೇಬಲ್ಸ್'ನ ಆನ್ ಯಾಕೆ ಅಷ್ಟು ವರ್ಷ ಕಾಯಿಸಿದಳು, ಎಮಿಲಿ ಸರಣಿಯ ಎಮಿಲಿ ಆ ಡೀನ್ ಪ್ರೀಸ್ಟ್ ಜೊತೆ ನಿಶ್ಚಿತಾರ್ಥಕ್ಕೆ ಅದು ಹೇಗೆ ಒಪ್ಪಿದಳು. ಈ ಚರ್ಚೆಗಳು ನನಗೂ ಇಷ್ಟವೇ. ಆದರೆ ಪುಸ್ತಕ ತೆರೆದಾಗಲೆಲ್ಲ ನನ್ನ ಕಣ್ಣು ಹೋಗುವುದು ನಾಯಕಿಯ ಪಕ್ಕದಲ್ಲಿ ನಿಂತ ಗೆಳತಿಯ ಕಡೆಗೆ. ಮೊದಲ ಪುಸ್ತಕದಲ್ಲಿ ನಾಯಕಿಗೆ ಸರ್ವಸ್ವವೇ ಆಗಿದ್ದ ಆ ಹುಡುಗಿ ಮೂರನೆಯ ಪುಸ್ತಕದ ಹೊತ್ತಿಗೆ ಎಲ್ಲಿ ಹೋದಳು? ಅವಳ ಜಾಗದಲ್ಲಿ ಪ್ರೇಮಿ ಬಂದು ಕೂತದ್ದು ಹೇಗೆ?

ಚಿಕ್ಕವರಿದ್ದಾಗ ಸ್ನೇಹ, ದೊಡ್ಡವರಾದ ಮೇಲೆ ಪ್ರೀತಿ, ಅದು ಸಹಜ ತಾನೇ ಎನ್ನುವವರಿದ್ದಾರೆ. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಆ ಕಾದಂಬರಿಗಳನ್ನು ನಿಧಾನವಾಗಿ ಓದಿದರೆ ಬೇರೆಯೇ ಕಾರಣ ಸಿಗುತ್ತದೆ.

ಎಲ್. ಎಂ. ಮಾಂಟ್ಗೊಮೆರಿ 1908ರಲ್ಲಿ ಪ್ರಕಟಿಸಿದ 'ಆನ್ ಆಫ್ ಗ್ರೀನ್ ಗೇಬಲ್ಸ್' ಕಾದಂಬರಿಯಿಂದಲೇ ಶುರುಮಾಡುತ್ತೇನೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಅವಾನ್ಲೀ ಎಂಬ ಹಳ್ಳಿ. ಮದುವೆಯಾಗದ ಅಣ್ಣ-ತಂಗಿ ಮ್ಯಾಥ್ಯೂ ಮತ್ತು ಮರಿಲ್ಲಾ, ಹೊಲದ ಕೆಲಸಕ್ಕೆಂದು ಅನಾಥಾಶ್ರಮದಿಂದ ಒಬ್ಬ ಹುಡುಗನನ್ನು ಕರೆಸಿಕೊಂಡರೆ, ಬಂದಿಳಿದವಳು ಹನ್ನೊಂದು ವರ್ಷದ ಕೆಂಪುಕೂದಲಿನ ಹುಡುಗಿ. ಅವಳಿಗೆ ಬೇಕಾದದ್ದು ಒಂದು ಮನೆ, ಒಬ್ಬ ಜೀವದ ಗೆಳತಿ. ಗೆಳತಿ ಸಿಗುತ್ತಾಳೆ, ಪಕ್ಕದ ಬ್ಯಾರಿ ಕುಟುಂಬದ ಡಯಾನಾ. ಭೇಟಿಯಾದ ದಿನವೇ ಹೂದೋಟದಲ್ಲಿ ಇಬ್ಬರೂ ಕೈಕೈ ಹಿಡಿದು ಪ್ರಮಾಣ ಮಾಡುತ್ತಾರೆ. ಹರಿಯುವ ನೀರಿನ ಮೇಲೆ ನಿಂತು ಮಾಡಬೇಕಾದ ಪ್ರಮಾಣವದು, ಅಲ್ಲಿ ನೀರಿಲ್ಲ. ಹಾಗಾಗಿ ತೋಟದ ಕಾಲುದಾರಿಯನ್ನೇ ನೀರೆಂದು ಅಂದುಕೊಳ್ಳೋಣ ಎನ್ನುತ್ತಾಳೆ ಆನ್. ಸೂರ್ಯಚಂದ್ರರಿರುವ ತನಕ ನನ್ನ ಗೆಳತಿ ಡಯಾನಾ ಬ್ಯಾರಿಗೆ ನಿಷ್ಠಳಾಗಿರುತ್ತೇನೆ! ಡಯಾನಾ ನಗುತ್ತಾಳೆ, ನೀನು ವಿಚಿತ್ರದ ಹುಡುಗಿ ಎನ್ನುತ್ತಾಳೆ, ಆದರೂ ತಾನೂ ಅದೇ ಮಾತು ಹೇಳುತ್ತಾಳೆ.

ಇದು ಮದುವೆಯ ಮಂತ್ರದ ಧಾಟಿಯೇ ಅಲ್ಲವೇ? ಮುಂದಕ್ಕೆ ಹೋದರೆ ವಿರಹವೂ ಬರುತ್ತದೆ. ರಾಸ್‌ಬೆರಿ ಶರಬತ್ತು ಎಂದುಕೊಂಡು ಆನ್ ತನ್ನ ಗೆಳತಿಗೆ ಮರಿಲ್ಲಾ ಮಾಡಿಟ್ಟಿದ್ದ ವೈನ್ ಬಗ್ಗಿಸಿಕೊಟ್ಟುಬಿಡುತ್ತಾಳೆ, ಡಯಾನಾ ಮೂರು ಲೋಟ ಕುಡಿದು ತಲೆ ತಿರುಗಿ ಮನೆ ಸೇರುತ್ತಾಳೆ, ಮಿಸೆಸ್ ಬ್ಯಾರಿ ಇಬ್ಬರ ಮಾತುಕತೆಗೇ ನಿಷೇಧ ಹಾಕುತ್ತಾರೆ. ಕೊನೆಯ ಸಲ ಭೇಟಿಯಾಗಲು ಡಯಾನಾಗೆ ಸಿಕ್ಕಿದ್ದು ಹತ್ತು ನಿಮಿಷ. ನಿನ್ನನ್ನು ಪ್ರೀತಿಸಿದಷ್ಟು ಯಾರನ್ನೂ ಪ್ರೀತಿಸಲಾರೆ ಎನ್ನುತ್ತಾಳೆ ಅವಳು. ನನಗೆ ನೆನಪಿರುವಷ್ಟು ಕಾಲದಿಂದ ನನ್ನನ್ನು ಯಾರೂ ಪ್ರೀತಿಸಿಯೇ ಇಲ್ಲ ಎನ್ನುತ್ತಾಳೆ ಆನ್. ಆಮೇಲೆ ನಾಟಕದ ಭಾಷೆಯಲ್ಲಿ, ನಿನ್ನ ಕಪ್ಪು ಕೇಶರಾಶಿಯ ಒಂದೆಳೆಯನ್ನು ನನಗೆ ಕೊಡುವೆಯಾ ಎಂದು ಕೇಳುತ್ತಾಳೆ. ಡಯಾನಾ ಕಣ್ಣೊರೆಸಿಕೊಂಡು ಕೇಳುವ ಪ್ರಶ್ನೆ: "ಕತ್ತರಿಸೋಕೆ ಏನಾದ್ರೂ ಇದೆಯಾ?" ಆನ್‌ಳ ಏಪ್ರನ್ ಜೇಬಿನಲ್ಲಿ ಕೌದಿ ಹೊಲಿಯುವ ಕತ್ತರಿ ಇರುತ್ತದೆ. ಕೂದಲನ್ನು ಪುಟ್ಟ ಚೀಲದಲ್ಲಿ ಹೊಲಿದು ಬದುಕಿರುವ ತನಕ ಕುತ್ತಿಗೆಗೆ ಹಾಕಿಕೊಳ್ಳುತ್ತೇನೆ, ಸತ್ತಾಗ ಅದನ್ನೂ ನನ್ನ ಜೊತೆ ಹೂಳಿ ಎಂದು ಮರಿಲ್ಲಾಗೆ ಹೇಳಿಡುತ್ತಾಳೆ.

ಆ ಕತ್ತರಿಯ ವಿವರ ನನಗೆ ತುಂಬ ಅಚ್ಚುಮೆಚ್ಚು. ಒಬ್ಬಳು ಕಾವ್ಯದಲ್ಲಿ ತೇಲುತ್ತಿದ್ದಾಗ ಇನ್ನೊಬ್ಬಳು ನೆಲದ ಮೇಲೆ ನಿಂತು ಕತ್ತರಿ ಎಲ್ಲಿದೆ ಎಂದು ಕೇಳುತ್ತಾಳೆ, ಹಾಗೆ ಕೇಳುವಾಗಲೂ ಅವಳು ಅಳುತ್ತಲೇ ಇರುತ್ತಾಳೆ. ಇಬ್ಬರ ಸ್ವಭಾವವೂ ಆ ಒಂದು ಪ್ರಶ್ನೆ, ಒಂದು ಉತ್ತರದಲ್ಲಿ ಬಂದುಬಿಟ್ಟಿದೆ. ಇಂಥ ಒಂದೇ ಒಂದು ಸನ್ನಿವೇಶವನ್ನು ಆನ್ ಮತ್ತು ಗಿಲ್ಬರ್ಟ್ ನಡುವೆ ಈ ಪುಸ್ತಕದಲ್ಲಿ ಹುಡುಕಿ ನೋಡಿ, ಸಿಗುವುದಿಲ್ಲ.

ಗಿಲ್ಬರ್ಟ್ ಬರುವುದು ಹದಿನೈದನೆಯ ಅಧ್ಯಾಯದಲ್ಲಿ. ಜಡೆ ಹಿಡಿದೆಳೆದು "ಕ್ಯಾರೆಟ್! ಕ್ಯಾರೆಟ್!" ಎನ್ನುತ್ತಾನೆ, ಆನ್ ಸ್ಲೇಟನ್ನು ಅವನ ತಲೆಯ ಮೇಲೆ ಹೊಡೆದು ಎರಡು ಹೋಳು ಮಾಡುತ್ತಾಳೆ. ಎಲ್ಲರಿಗೂ ನೆನಪಿರುವ ಭಾಗ ಇದು. ಆದರೆ ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಂದಿದೆ. ಒಂದು ಸಂಜೆ ಮರಿಲ್ಲಾ ನೋಡಿದರೆ ಆನ್ ಕಿಟಕಿಯ ಬಳಿ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದಾಳೆ. ಏನಾಯಿತೆಂದು ಕೇಳಿದರೆ, ಡಯಾನಾಳಿಲ್ಲದೆ ನನಗೆ ಬದುಕಲಾಗದು, ಆದರೆ ದೊಡ್ಡವಳಾದ ಮೇಲೆ ಅವಳು ಮದುವೆಯಾಗಿ ನನ್ನನ್ನು ಬಿಟ್ಟು ಹೋಗುತ್ತಾಳೆ, ಅವಳ ಗಂಡನನ್ನು ಕಂಡರೆ ನನಗೆ ಈಗಲೇ ವಿಪರೀತ ದ್ವೇಷ ಎನ್ನುತ್ತಾಳೆ. ಮದುವೆಯ ದಿನವನ್ನು ಪೂರ್ತಿ ಕಲ್ಪಿಸಿಕೊಂಡಿದ್ದಾಳೆ: ಬಿಳಿ ಉಡುಪಿನಲ್ಲಿ ಡಯಾನಾ, ಪಕ್ಕದಲ್ಲಿ ಉಬ್ಬುತೋಳಿನ ಚೆಂದದ ಫ್ರಾಕ್ ಹಾಕಿಕೊಂಡು ನಗುಮುಖದೊಳಗೆ ಒಡೆದ ಎದೆಯನ್ನು ಬಚ್ಚಿಟ್ಟುಕೊಂಡು ನಿಂತ ತಾನು. ಮರಿಲ್ಲಾ ತಡೆಯಲಾರದೆ ಕುರ್ಚಿಯಲ್ಲಿ ಕುಸಿದು ಕೂತು ನಗುತ್ತಾಳೆ. ಅಂಗಳದಲ್ಲಿ ಹೋಗುತ್ತಿದ್ದ ಮ್ಯಾಥ್ಯೂ ತಂಗಿ ಹೀಗೆ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಯಿತು ಎಂದು ಬೆರಗಾಗಿ ನಿಲ್ಲುತ್ತಾನೆ.

ನಾವೂ ನಗುತ್ತೇವೆ. ಆದರೆ ಆ ಹುಡುಗಿ ಹೇಳಿದ್ದರಲ್ಲಿ ಯಾವುದು ಸುಳ್ಳಾಯಿತು? ಡಯಾನಾ ಮದುವೆಯಾದಳು, ಅವರಿಬ್ಬರ ದಾರಿ ಬೇರೆಯಾಯಿತು. ಮುಂದೆ ಆಗಲಿರುವ ನಷ್ಟವನ್ನು ಹನ್ನೊಂದು ವರ್ಷದವಳು ಕರಾರುವಾಕ್ಕಾಗಿ ಕಂಡಿದ್ದಳು. ಒಂದೇ ವಿಷಯ ಅವಳಿಗೆ ತಿಳಿದಿರಲಿಲ್ಲ. ಅವರನ್ನು ಅಗಲಿಸಿದ್ದು ಡಯಾನಾಳ ಗಂಡನಲ್ಲ. ಅಗಲಿಕೆ ಅದಕ್ಕೂ ಬಹಳ ಮೊದಲೇ, ಶಾಲೆಯ ಕೋಣೆಯಲ್ಲಿ ಆಗಿಹೋಯಿತು.

ಮೂವತ್ತನೆಯ ಅಧ್ಯಾಯದಲ್ಲಿ ಟೀಚರ್ ಮಿಸ್ ಸ್ಟೇಸಿ, ಕ್ವೀನ್ಸ್ ಅಕಾಡೆಮಿಯ ಪ್ರವೇಶ ಪರೀಕ್ಷೆಗೆಂದು ಸಂಜೆ ಒಂದು ಗಂಟೆ ಹೆಚ್ಚಿನ ಪಾಠ ಶುರುಮಾಡುತ್ತಾಳೆ. ಅಲ್ಲಿ ಓದಿದರೆ ಶಿಕ್ಷಕಿಯ ಕೆಲಸಕ್ಕೆ ಅರ್ಹತೆ ಸಿಗುತ್ತದೆ. ಏಳು ಜನ ಸೇರುತ್ತಾರೆ: ಆನ್, ಗಿಲ್ಬರ್ಟ್, ಜೇನ್, ರೂಬಿ, ಜೋಸಿ, ಚಾರ್ಲಿ, ಮೂಡಿ ಸ್ಪರ್ಜನ್. ಡಯಾನಾ ಇಲ್ಲ. ಅವಳನ್ನು ಕ್ವೀನ್ಸ್‌ಗೆ ಕಳಿಸುವ ಇರಾದೆ ಅಪ್ಪ-ಅಮ್ಮನಿಗಿಲ್ಲ. ಇಷ್ಟನ್ನು ಮಾಂಟ್ಗೊಮೆರಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ಮೊದಲ ದಿನ ಪಾಠಕ್ಕೆ ಕೂತ ಆನ್, ಉಳಿದ ಮಕ್ಕಳ ಜೊತೆ ಡಯಾನಾ ಎದ್ದು ಹೊರಟದ್ದನ್ನು ನೋಡುತ್ತಾಳೆ. ಹಿಂದೆಯೇ ಓಡಿಬಿಡಬೇಕೆನ್ನಿಸುತ್ತದೆ, ಗಂಟಲುಬ್ಬಿ ಬಂದು ಲ್ಯಾಟಿನ್ ವ್ಯಾಕರಣದ ಪುಸ್ತಕದ ಹಿಂದೆ ಮುಖ ಮರೆಸಿಕೊಳ್ಳುತ್ತಾಳೆ. ಗಿಲ್ಬರ್ಟ್‌ಗಾಗಲಿ ಜೋಸಿಗಾಗಲಿ ಆ ಕಣ್ಣೀರು ಕಾಣಬಾರದು. ಮನೆಗೆ ಬಂದು ಮರಿಲ್ಲಾಗೆ, ಡಯಾನಾ ಒಬ್ಬಳೇ ಹೊರಗೆ ಹೋದದ್ದನ್ನು ನೋಡಿ ಸಾವಿನ ಕಹಿಯನ್ನೇ ಉಂಡಂತಾಯಿತು ಎಂದು ಹೇಳುತ್ತಾಳೆ.

ಅದೇ ಅಧ್ಯಾಯದಲ್ಲಿ ಮರಿಲ್ಲಾ ಆಡುವ ಒಂದು ಮಾತಿದೆ. ಮುಂದೆ ಬೇಕಾಗಲಿ ಬೇಡವಾಗಲಿ, ಹೆಣ್ಣುಮಗಳು ತನ್ನ ಅನ್ನ ತಾನು ದುಡಿದುಕೊಳ್ಳುವಂತಿರಬೇಕು ಎನ್ನುತ್ತಾಳೆ. ನನಗೆ ಈ ಕಾದಂಬರಿಯಲ್ಲಿ ಅತ್ಯಂತ ಗೌರವ ಮೂಡಿಸುವ ಮಾತು ಅದು. ಗಮನಿಸಿ, ಬ್ಯಾರಿಯವರದು ಅನುಕೂಲಸ್ಥ ಮನೆ. ದುಡ್ಡಿಲ್ಲದ ಮನೆಯ ಅನಾಥ ಹುಡುಗಿ ಓದಿದಳು, ಉಳ್ಳವರ ಮನೆಯ ಮಗಳು ಓದಲಿಲ್ಲ. ಅವಳು ದುಡಿಯಬೇಕಾದ ಅಗತ್ಯವಿಲ್ಲ ಎನ್ನುವುದೇ ಅವಳ ಓದು ನಿಲ್ಲಲು ಸಾಕಾಯಿತು. ಈ ಲೆಕ್ಕಾಚಾರ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಸ್ಸೆಸ್ಸೆಲ್ಸಿಯವರೆಗೆ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳಿದ್ದಳು. ನನ್ನನ್ನು ಪಿಯುಸಿಗೆ ಪಟ್ಟಣಕ್ಕೆ ಕಳಿಸಿದರು, ಅವಳನ್ನು ಕಳಿಸಲಿಲ್ಲ. ಅವರ ಮನೆಯಲ್ಲಿ ತೋಟವಿತ್ತು, ಟ್ರ್ಯಾಕ್ಟರ್ ಇತ್ತು, ಬಸ್ಸಿಗೆ ಹೋಗಿಬರುವ ಕಷ್ಟ ಮಗಳಿಗೆ ಯಾಕೆ ಎನ್ನುವ ಅಕ್ಕರೆಯೂ ಇತ್ತು. ರಜೆಗೆ ಊರಿಗೆ ಬಂದಾಗ ಇಬ್ಬರೂ ಮೊದಲಿನಂತೆಯೇ ಜಗಲಿಯ ಮೇಲೆ ಕೂರುತ್ತಿದ್ದೆವು. ನಾನು ಹಾಸ್ಟೆಲಿನ ಮಾತು ಆಡುತ್ತಿದ್ದೆ, ಅವಳು ಕೇಳುತ್ತಿದ್ದಳು. ಬರಬರುತ್ತ ನಾನು ಹೇಳುವುದೂ ಕಡಿಮೆಯಾಯಿತು, ಅವಳು ಕೇಳುವುದೂ. ನಮ್ಮ ನಡುವೆ ಜಗಳ ಬಂದಿರಲಿಲ್ಲ. ಜಗಳವಾಗಿದ್ದರೆ ರಾಜಿಯಾಗಬಹುದಿತ್ತು.

ಡಯಾನಾ ಎದ್ದು ಹೋದ ಆ ತರಗತಿಯಲ್ಲಿ ಉಳಿದವನು ಗಿಲ್ಬರ್ಟ್. ಇನ್ನು ಮುಂದೆ ಆನ್ ಓದುವ ಪುಸ್ತಕ ಅವನೂ ಓದುತ್ತಾನೆ, ಅವಳು ಹೆದರುವ ಪರೀಕ್ಷೆಗೆ ಅವನೂ ಕೂರುತ್ತಾನೆ. ಮಾತಿಲ್ಲದಿದ್ದರೂ ಪೈಪೋಟಿ ಇದೆ, ಪೈಪೋಟಿಯೆಂದರೆ ಒಂದೇ ದಾರಿಯಲ್ಲಿ ನಡೆಯುವುದು. ಕ್ವೀನ್ಸ್‌ನಲ್ಲಿ ಅವನಿಗೆ ಚಿನ್ನದ ಪದಕ, ಇವಳಿಗೆ ಏವರಿ ವಿದ್ಯಾರ್ಥಿವೇತನ. ಕೊನೆಯ ಅಧ್ಯಾಯದಲ್ಲಿ ಮ್ಯಾಥ್ಯೂ ತೀರಿಕೊಂಡ ಮೇಲೆ ಮರಿಲ್ಲಾಳ ಜೊತೆಗಿರಲೆಂದು ಆನ್ ಕಾಲೇಜಿಗೆ ಹೋಗುವ ಆಸೆ ಬಿಟ್ಟಾಗ, ಗಿಲ್ಬರ್ಟ್ ತನಗೆ ಸಿಕ್ಕಿದ್ದ ಅವಾನ್ಲೀ ಶಾಲೆಯ ಕೆಲಸವನ್ನು ಅವಳಿಗೆ ಬಿಟ್ಟುಕೊಟ್ಟು ದೂರದ ವೈಟ್ ಸ್ಯಾಂಡ್ಸ್‌ಗೆ ಹೋಗುತ್ತಾನೆ. ಆಗ ಐದು ವರ್ಷದ ಮುನಿಸು ಮುಗಿಯುತ್ತದೆ. ರಾಜಿಯಾದ ಕ್ಷಣದಲ್ಲಿ ಅವನು ಹೇಳುವ ಮಾತನ್ನು ಗಮನವಿಟ್ಟು ಓದಬೇಕು. ನಾವಿಬ್ಬರೂ ಒಳ್ಳೆಯ ಸ್ನೇಹಿತರಾಗಲೆಂದೇ ಹುಟ್ಟಿದವರು, ಒಬ್ಬರಿಗೊಬ್ಬರು ಸಹಾಯ ಮಾಡಬಹುದು, ನೀನು ಓದು ಮುಂದುವರಿಸುತ್ತೀಯ ಅಲ್ಲವೇ, ನಾನೂ ಮುಂದುವರಿಸುತ್ತೇನೆ. ಪ್ರೇಮದ ಸುಳಿವೂ ಇಲ್ಲದ ಈ ಮಾತುಗಳು ಯಾವ ಪ್ರೇಮನಿವೇದನೆಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ. ಡಯಾನಾ ಹೇಳಬಹುದಾಗಿದ್ದ, ಆದರೆ ಹೇಳಲು ಅವಕಾಶವೇ ಸಿಗದ ಮಾತುಗಳವು. ಗೇಟಿನ ಬಳಿ ಅರ್ಧ ಗಂಟೆ ನಿಂತು ಮಾತಾಡುವಷ್ಟು ಅವನು ನಿನಗೆ ಸ್ನೇಹಿತನೇ ಎಂದು ಮರಿಲ್ಲಾ ಕೇಳುವಾಗ ಆನ್ ನಾಚುತ್ತಾಳೆ. ನನಗೆ ಅಲ್ಲಿ ಸಂತೋಷವೂ ಆಗುತ್ತದೆ, ಡಯಾನಾಗಾಗಿ ಸಂಕಟವೂ ಆಗುತ್ತದೆ.

ಸರಣಿಯ ಮೂರನೆಯ ಪುಸ್ತಕ 'ಆನ್ ಆಫ್ ದಿ ಐಲ್ಯಾಂಡ್' ಬಂದದ್ದು 1915ರಲ್ಲಿ. ಆನ್ ಕೊನೆಗೂ ರೆಡ್ಮಂಡ್ ಕಾಲೇಜು ಸೇರಿದ್ದಾಳೆ. ಊರಲ್ಲಿ ಡಯಾನಾಗೆ ಫ್ರೆಡ್ ರೈಟ್ ಜೊತೆ ಮದುವೆ ಗೊತ್ತಾಗಿದೆ. ಇಲ್ಲೊಂದು ಪ್ರಸಂಗ ಬರುತ್ತದೆ, ಬಹಳ ಜನ ಅದನ್ನು ಹಾಸ್ಯವೆಂದು ಓದಿ ಮುಂದೆ ಹೋಗುತ್ತಾರೆ. ಆನ್ ಒಂದು ಕಥೆ ಬರೆದು ಪತ್ರಿಕೆಗಳಿಗೆ ಕಳಿಸುತ್ತಾಳೆ, ಅದು ವಾಪಸ್ ಬರುತ್ತದೆ, ಅವಳು ಕೈಬಿಡುತ್ತಾಳೆ. ತನ್ನ ಬಳಿಯಿದ್ದ ಪ್ರತಿಯನ್ನು ಡಯಾನಾ ಸದ್ದಿಲ್ಲದೆ ಒಂದು ಬೇಕಿಂಗ್ ಪೌಡರ್ ಕಂಪನಿಯ ಸ್ಪರ್ಧೆಗೆ ಕಳಿಸುತ್ತಾಳೆ. ಕಥೆಯಲ್ಲಿ ಆ ಪೌಡರಿನ ಹೆಸರು ಬರಲೇಬೇಕೆಂಬ ಷರತ್ತು. ನಾಯಕಿ ಕೇಕ್ ಮಾಡುವಲ್ಲಿ ಒಂದು ಸಾಲು ಸೇರಿಸುತ್ತಾಳೆ. ನಾಯಕ ನಾಯಕಿಯ ಕೈಹಿಡಿದು ನಮ್ಮ ಕನಸಿನ ಮನೆ ಎಂದೆಲ್ಲ ಹೇಳುವ ಕೊನೆಯ ಪ್ಯಾರಾದಲ್ಲಿ, ಆ ಮನೆಯಲ್ಲಿ ಈ ಪೌಡರ್ ಬಿಟ್ಟು ಬೇರೆಯದನ್ನು ಬಳಸುವುದೇ ಇಲ್ಲ ಎಂದು ಇನ್ನೊಂದು ಸಾಲು. ಇಪ್ಪತ್ತೈದು ಡಾಲರ್ ಬಹುಮಾನ ಬರುತ್ತದೆ. ಆನ್‌ಗೆ ನೆಲಕ್ಕಿಳಿದು ಹೋದಂತಾಗುತ್ತದೆ. ಆದರೆ ಎದುರಿಗೆ ನಿಂತವಳ ಮುಖದ ಖುಷಿ ನೋಡಿ ನೋವು ನುಂಗಿಕೊಂಡು, ನಿನ್ನಂಥ ನಿಜವಾದ ಗೆಳತಿ ಯಾರಿಗಿದ್ದಾಳೆ ಎಂದು ಅಪ್ಪಿಕೊಳ್ಳುತ್ತಾಳೆ.

ನನಗೆ ಇಲ್ಲಿ ನಗು ಬರುವುದಿಲ್ಲ. ಗೆಳತಿಯ ಬರವಣಿಗೆ ಗೆಲ್ಲಬೇಕೆಂದು ಡಯಾನಾ ಪಟ್ಟ ಶ್ರಮ ಎಷ್ಟು ನಿಜವಾದದ್ದು! ಆನ್ ಬರೆದದ್ದನ್ನು ಅಚ್ಚಿನಲ್ಲಿ ನೋಡಬೇಕೆಂಬ ಆಸೆ ಆನ್‌ಗಿಂತ ಅವಳಿಗೇ ಜಾಸ್ತಿಯಿತ್ತೇನೋ. ಬರವಣಿಗೆಯೆಂದರೆ ಆನ್‌ಗೆ ಈಗ ಏನಾಗಿದೆ ಎನ್ನುವುದಷ್ಟೇ ಅವಳಿಗೆ ಗೊತ್ತಿಲ್ಲ. ಗೊತ್ತಾಗುವುದು ಹೇಗೆ? ಆ ಮಾತುಗಳೆಲ್ಲ ಈಗ ನಡೆಯುವುದು ಕಿಂಗ್ಸ್‌ಪೋರ್ಟ್ ಪೇಟೆಯ ಪ್ಯಾಟೀಸ್ ಪ್ಲೇಸ್ ಎಂಬ ಬಾಡಿಗೆ ಮನೆಯಲ್ಲಿ. ಆನ್, ಫಿಲಿಪಾ, ಪ್ರಿಸಿಲ್ಲಾ, ಸ್ಟೆಲ್ಲಾ, ನೋಡಿಕೊಳ್ಳಲು ಜೇಮ್ಸಿನಾ ಆಂಟಿ, ಬೆಂಕಿಗೂಡಿನ ಎರಡು ಬದಿಗೆ ಗಾಗ್ ಮತ್ತು ಮಾಗಾಗ್ ಎಂಬ ಪಿಂಗಾಣಿ ನಾಯಿಗಳು, ಮೂರು ಬೆಕ್ಕುಗಳು. ಹೆಣ್ಣುಮಕ್ಕಳು ತಾವೇ ಅಡುಗೆ ಮಾಡಿಕೊಂಡು, ಓದಿಕೊಂಡು, ರಾತ್ರಿ ಹರಟಿಕೊಂಡು ಬದುಕುವ ಆ ಮನೆಯನ್ನು ಮಾಂಟ್ಗೊಮೆರಿ ಎಷ್ಟು ಆಸೆಯಿಂದ ಕಟ್ಟಿದ್ದಾರೆಂದರೆ, ಆನ್‌ಳ ಮದುವೆಯ ನಂತರದ ಯಾವ ಮನೆಯೂ ನನಗೆ ಅಷ್ಟು ಇಷ್ಟವಾಗಿಲ್ಲ. ಗಿಲ್ಬರ್ಟ್ ಮೊದಲ ಸಲ ಮದುವೆಯ ಮಾತೆತ್ತುವುದೂ ಆ ಮನೆಯ ತೋಟದಲ್ಲೇ. ಆನ್ ಒಪ್ಪುವುದಿಲ್ಲ, ಸ್ನೇಹವನ್ನು ಹಾಳುಮಾಡಿದೆಯಲ್ಲ ಎಂದು ಕೊರಗುತ್ತಾಳೆ. ಅವಳಿಗೆ ತನ್ನ ಮನಸ್ಸೇ ಅರ್ಥವಾಗಿರಲಿಲ್ಲ ಎಂದು ಕಾದಂಬರಿ ವಿವರಿಸುತ್ತದೆ. ಇರಬಹುದು. ಮದುವೆಯ ಮಾತು ಬಂದಲ್ಲೆಲ್ಲ ತಾನು ಪ್ರೀತಿಸಿದ ಹೆಣ್ಣುಗಳ ಒಂದು ಲೋಕವೇ ಖಾಲಿಯಾಗುತ್ತದೆ ಎನ್ನುವುದನ್ನು ಅವಳು ಡಯಾನಾಳಿಂದ ಕಲಿತಿದ್ದಳು ಎಂದು ನನಗನ್ನಿಸುತ್ತದೆ.

ಅದೇ ಭಯ ಲೂಯಿಸಾ ಮೇ ಆಲ್ಕಾಟ್ ಬರೆದ 'ಲಿಟಲ್ ವಿಮೆನ್'ನ ಜೋಗೂ ಇದೆ. ಅಲ್ಲಿ ಗೆಳತಿಯರೆಂದರೆ ಅಕ್ಕತಂಗಿಯರೇ. ಅಕ್ಕ ಮೆಗ್‌ಳ ಮೇಲೆ ಲಾರಿಯ ಮೇಷ್ಟ್ರು ಬ್ರೂಕ್‌ಗೆ ಮನಸ್ಸಾಗಿದೆ ಎಂದು ತಿಳಿದಾಗ ಜೋ ಅಮ್ಮನಿಗೆ ಹೇಳುತ್ತಾಳೆ, ನಾನೇ ಮೆಗ್‌ಳನ್ನು ಮದುವೆಯಾಗಿ ಅವಳನ್ನು ಮನೆಯಲ್ಲೇ ಇಟ್ಟುಕೊಳ್ಳುವಂತಿದ್ದರೆ ಚೆನ್ನಾಗಿತ್ತು. ಆನ್ ಕಿಟಕಿಯ ಬಳಿ ಕೂತು ಅತ್ತದ್ದಕ್ಕೂ ಇದಕ್ಕೂ ನಾಲ್ಕು ದಶಕಗಳ ಅಂತರವಿದೆ, ದುಃಖ ಒಂದೇ.

1868ರಲ್ಲಿ ಮೊದಲ ಭಾಗ ಬಂದಾಗ ಓದುಗ ಹುಡುಗಿಯರು ಆಲ್ಕಾಟ್‌ಗೆ ಬರೆದ ಪತ್ರಗಳಲ್ಲಿ ಕೇಳಿದ್ದು ಒಂದೇ, ಇವರೆಲ್ಲ ಯಾರನ್ನು ಮದುವೆಯಾಗುತ್ತಾರೆ? ಹೆಣ್ಣಿನ ಬದುಕಿಗೆ ಅದೊಂದೇ ಗುರಿ ಎಂಬಂತೆ ಕೇಳುತ್ತಾರೆ, ಯಾರನ್ನೋ ಮೆಚ್ಚಿಸಲು ಜೋಗೂ ಲಾರಿಗೂ ಮದುವೆ ಮಾಡುವುದಿಲ್ಲ ಎಂದು ಅವರು ದಿನಚರಿಯಲ್ಲಿ ಬರೆದುಕೊಂಡರು. 1869ರ ಎರಡನೆಯ ಭಾಗದಲ್ಲಿ ಜೋ ಲಾರಿಯನ್ನು ನಿರಾಕರಿಸಿದಳು, ಆದರೆ ಪ್ರೊಫೆಸರ್ ಬೇರ್‌ನನ್ನು ವರಿಸಿದಳು. ಜೋ ಮದುವೆಯಾಗದೆ ಬರಹಗಾರ್ತಿಯಾಗಿಯೇ ಉಳಿಯಬೇಕಿತ್ತು, ಒತ್ತಾಯ ತಡೆಯಲಾರದೆ ಹಟಕ್ಕೆ ಬಿದ್ದು ಬೇರೊಂದು ಜೋಡಿ ಮಾಡಿದೆ ಎಂದು ಆಲ್ಕಾಟ್ ಸ್ನೇಹಿತೆಯೊಬ್ಬರಿಗೆ ಬರೆದ ಪತ್ರವೂ ಉಳಿದಿದೆ. ಅವರು ಸ್ವತಃ ಮದುವೆಯಾಗಲೇ ಇಲ್ಲ.

ಲಾರಿಯನ್ನು ಬೇಡವೆಂದದ್ದು ಸರಿ ಎನ್ನುವವರ ಪಕ್ಷ ನನ್ನದು. ಜೋ-ಲಾರಿಯ ನಡುವೆ ಇದ್ದದ್ದು ಅಪ್ಪಟ ಗೆಳೆತನ. ಗಾರ್ಡಿನರ್ ಮನೆಯ ಪಾರ್ಟಿಯಲ್ಲಿ ಜೋ ಹಾಕಿಕೊಂಡಿದ್ದ ಫ್ರಾಕಿನ ಹಿಂಭಾಗ ಬೆಂಕಿಗೆ ಸುಟ್ಟಿರುತ್ತದೆ. ಅದು ಕಾಣದಿರಲೆಂದು ಪರದೆಯ ಹಿಂದೆ ನುಸುಳಿದರೆ ಅಲ್ಲಿ ನಾಚಿಕೆಯ ಹುಡುಗನೊಬ್ಬ ಆಗಲೇ ಅಡಗಿರುತ್ತಾನೆ. ಯಾರಿಗೂ ಕಾಣದಂತೆ ಹೊರಗಿನ ಹಜಾರದಲ್ಲಿ ಇಬ್ಬರೂ ಕುಣಿಯುತ್ತಾರೆ. ಮುಂದೆ ನಾಲ್ವರು ಅಕ್ಕತಂಗಿಯರ ಗುಟ್ಟಿನ ಕ್ಲಬ್ಬಿಗೆ ಅವನೂ ಸದಸ್ಯ, ಎರಡು ಮನೆಗಳ ನಡುವಿನ ಬೇಲಿಯಲ್ಲಿ ಅವನು ಇಟ್ಟ ಅಂಚೆಪೆಟ್ಟಿಗೆ. ಅವನು ಆ ಮನೆಗೆ ಬಂದದ್ದು ಐದನೆಯವನಾಗಿ, ಒಡಹುಟ್ಟಿದವನ ಹಾಗೆ. ಅವನನ್ನು ಗಂಡನಾಗಿ ನೋಡೆಂದು ಜೋಗೆ ಹೇಳುವುದು ಅವಳಿಗಿರುವ ಒಬ್ಬನೇ ಗೆಳೆಯನನ್ನು ಕಿತ್ತುಕೊಂಡಂತೆ.

ಬೇರ್ ಬಗ್ಗೆ ನನಗೆ ತಕರಾರಿದೆ. ಜೋ ಹೊಟ್ಟೆಪಾಡಿಗೆ ಬರೆಯುತ್ತಿದ್ದ ರೋಚಕ ಕಥೆಗಳನ್ನು ಅವನು ಹಳಿದದ್ದರಿಂದ ಅವಳು ಅವನ್ನೆಲ್ಲ ಒಲೆಗೆ ಹಾಕುತ್ತಾಳೆ, ಅದನ್ನು ಓದುವಾಗ ಪ್ರತಿ ಸಲವೂ ಸಿಟ್ಟು ಬರುತ್ತದೆ. ಆದರೂ ಆಲ್ಕಾಟ್ ಅವನನ್ನು ಜೋ ಬಳಿಗೆ ಕರೆತಂದ ದಾರಿ ನೋಡಿ. ಮಳೆಯಲ್ಲಿ ಒಂದೇ ಕೊಡೆಯಡಿ ನಿಂತಾಗ ಜೋ ಕೇಳುತ್ತಾಳೆ, ಈಗ ಬರಬೇಕೆಂದು ಹೇಗೆ ಅನ್ನಿಸಿತು? ಅವನು ಜೇಬಿನಿಂದ ಸವೆದ ಕಾಗದವೊಂದನ್ನು ತೆಗೆಯುತ್ತಾನೆ, ಪತ್ರಿಕೆಯಲ್ಲಿ ಬಂದಿದ್ದ ಅವಳದೇ ಕವಿತೆ. ಅಟ್ಟದ ಮೇಲಿನ ನಾಲ್ಕು ಪೆಟ್ಟಿಗೆಗಳ ಮೇಲೆ, ಮೆಗ್, ಜೋ, ಬೆತ್, ಏಮಿ ಎಂಬ ನಾಲ್ಕು ಹೆಸರುಗಳ ಮೇಲೆ ಬರೆದ ಪದ್ಯ. ಒಬ್ಬಳು ಮದುವೆಯಾಗಿ ಹೋದಳು, ಒಬ್ಬಳು ಸತ್ತಳು, ಒಬ್ಬಳು ದೂರದಲ್ಲಿದ್ದಾಳೆ, ತಾನೊಬ್ಬಳೇ ಉಳಿದೆ ಎಂಬ ದುಃಖದಿಂದ ಹುಟ್ಟಿದ್ದು. ಆ ಪ್ರೇಮಕ್ಕೆ ಬಾಗಿಲು ತೆರೆದದ್ದೇ ಅಕ್ಕತಂಗಿಯರ ವಿರಹ. ಮದುವೆ ಮಾಡಲೇಬೇಕಾಗಿ ಬಂದಾಗ ಆಲ್ಕಾಟ್‌ಗೆ ಇದಕ್ಕಿಂತ ಬಲವಾದ ಕಾರಣ ಸಿಗಲಿಲ್ಲ ಎನ್ನುವುದು ನನಗೆ ದೊಡ್ಡ ವಿಷಯ.

ಇವರೆಲ್ಲರಿಗಿಂತ ಹಿಂದೆ, 1847ರ 'ಜೇನ್ ಐರ್'ನಲ್ಲೂ ಗೆಳೆತನ ಶುರುವಾಗುವುದು ಪುಸ್ತಕದಿಂದಲೇ. ಲೋವುಡ್ ಶಾಲೆಯ ಅಂಗಳದಲ್ಲಿ ಕೂತು ಓದುತ್ತಿದ್ದ ಹೆಲೆನ್ ಬರ್ನ್ಸ್‌ಳನ್ನು ಜೇನ್ ಮೊದಲು ಮಾತಾಡಿಸುವುದು, ನಿನ್ನ ಪುಸ್ತಕ ಚೆನ್ನಾಗಿದೆಯಾ ಎಂದು. ಹೆಲೆನ್ ಕ್ಷಯದಿಂದ ಸಾಯುತ್ತಾಳೆ, ಜೇನ್ ಅವಳನ್ನು ಅಪ್ಪಿಕೊಂಡು ಮಲಗಿದ್ದ ರಾತ್ರಿ. ಗೆಳತಿಯನ್ನು ಕಥೆಯಿಂದ ಆಚೆ ಕಳಿಸಲು ಇರುವುದು ಮೂರೇ ದಾರಿ ಎಂಬಂತೆ ಕಾಣುತ್ತದೆ: ಸಾವು, ಮದುವೆ, ಅಥವಾ ಓದು ನಿಲ್ಲಿಸುವುದು.

ಹಾಗಾದರೆ ಗೆಳತಿಯೂ ಓದಿದ್ದರೆ? ಮಾಂಟ್ಗೊಮೆರಿಯವರೇ ಈ ಪ್ರಶ್ನೆಗೆ ಉತ್ತರ ಬರೆದಿದ್ದಾರೆ. 1923, 1925, 1927ರಲ್ಲಿ ಬಂದ ಎಮಿಲಿಯ ಮೂರು ಪುಸ್ತಕಗಳಲ್ಲಿ ಗೆಳತಿಯ ಹೆಸರು ಇಲ್ಸಿ ಬರ್ನ್ಲಿ. ಸಿಟ್ಟಿನ ಹುಡುಗಿ, ಬಾಯಿಗೆ ಬಂದಂತೆ ಬೈಯುವವಳು, ಮರುದಿನ ಏನೂ ಆಗೇ ಇಲ್ಲವೆಂಬಂತೆ ಬರುವವಳು. ಅವಳ ಅಮ್ಮ ಮಗುವನ್ನು ಬಿಟ್ಟು ಯಾರ ಜೊತೆಗೋ ಓಡಿಹೋದಳೆಂದು ಊರೆಲ್ಲ ನಂಬಿದೆ, ಆ ಕಹಿಗೆ ಅಪ್ಪ ಮಗಳ ಮುಖವನ್ನೂ ಸರಿಯಾಗಿ ನೋಡುವುದಿಲ್ಲ. ಜ್ವರದಲ್ಲಿ ಬಡಬಡಿಸುತ್ತ ಎಮಿಲಿ ಹಳೆಯ ಬಾವಿಯೊಂದನ್ನು ಕಾಣುತ್ತಾಳೆ, ಹುಡುಕಿಸಿದರೆ ಆ ತಾಯಿ ಬಿದ್ದು ಸತ್ತದ್ದು ಅಲ್ಲೇ. ಇಲ್ಸಿಗೆ ಅಮ್ಮನ ಮಾನವೂ ಅಪ್ಪನ ಪ್ರೀತಿಯೂ ಒಟ್ಟಿಗೆ ಸಿಗುತ್ತವೆ. ಒಬ್ಬ ಗೆಳತಿ ಇನ್ನೊಬ್ಬಳಿಗೆ ಕೊಟ್ಟ ಇಂಥ ಉಡುಗೊರೆಯ ಮುಂದೆ ಆ ಮೂರು ಪುಸ್ತಕಗಳ ಯಾವ ಪ್ರೇಮಪ್ರಸಂಗವೂ ನಿಲ್ಲುವುದಿಲ್ಲ.

ಇಲ್ಸಿ ಡಯಾನಾಳಂತೆ ಮನೆಯಲ್ಲಿ ಉಳಿಯಲಿಲ್ಲ. ಎಮಿಲಿ ಜೊತೆ ಶ್ರೂಸ್ಬರಿ ಹೈಸ್ಕೂಲಿಗೆ ಹೋದಳು, ಮುಂದೆ ವಾಚನಕಲೆ ಕಲಿಯಲು ಮಾಂಟ್ರಿಯಲ್‌ಗೂ ಹೋದಳು. ಅದರ ಪರಿಣಾಮ ಕಣ್ಣಿಗೆ ಕಾಣುತ್ತದೆ. ಕೊನೆಯ ಪುಸ್ತಕದವರೆಗೂ ಅವಳ ಮಾತಿಗೆ ತೂಕವಿದೆ, ಅವಳು ಎಮಿಲಿಗೆ ಎದುರಾಡಬಲ್ಲಳು. ಎಮಿಲಿಯ ನಲ್ಲ ಟೆಡ್ಡಿಯೋ, ಒಂದು ಶಿಳ್ಳೆ, ಒಂದಷ್ಟು ಚಿತ್ರಗಳು, ಅಷ್ಟೇ. ಗೆಳತಿ ಗಟ್ಟಿಯಾಗಿ ಉಳಿದ ಕಡೆ ಪ್ರೇಮಿ ಮಸುಕಾಗಿದ್ದಾನೆ. ಟೆಡ್ಡಿಯನ್ನೇ ಮದುವೆಯಾಗಲು ಹೊರಟ ಇಲ್ಸಿ, ಕಾರು ಅಪಘಾತದಲ್ಲಿ ಬಾಲ್ಯದ ಗೆಳೆಯ ಪೆರಿಗೆ ಏನೋ ಆಯಿತೆಂಬ ಸುದ್ದಿ ಕೇಳಿ ಮದುವೆಯ ಬಟ್ಟೆಯಲ್ಲೇ ಕಿಟಕಿಯಿಂದ ಇಳಿದು ಓಡಿಹೋಗುತ್ತಾಳಲ್ಲ, ಇಡೀ ಸರಣಿಯಲ್ಲಿ ಅತಿ ಜೀವಂತವಾದ ಪ್ರೇಮಕೃತ್ಯವೂ ಗೆಳತಿಯ ಪಾಲಿಗೇ ಬಂದಿದೆ.

ಡೀನ್ ಪ್ರೀಸ್ಟ್‌ಗೆ ಬರುತ್ತೇನೆ. ಕಡಿದಾದ ದಂಡೆಯಿಂದ ಜಾರಿ ಬೀಳಲಿದ್ದ ಪುಟ್ಟ ಹುಡುಗಿ ಎಮಿಲಿಯನ್ನು ಮೂವತ್ತಾರು ವರ್ಷದ ಡೀನ್ ಕಾಪಾಡುತ್ತಾನೆ, ನಿನ್ನ ಜೀವ ಉಳಿಸಿದ್ದರಿಂದ ಇನ್ನು ಅದು ನನ್ನದು ಎನ್ನುತ್ತಾನೆ. ಆ ಮಾತಿಗೆ ಮಗುವಿನೊಳಗೆ ಏನೋ ಪ್ರತಿಭಟಿಸುತ್ತದೆ. ವರ್ಷಗಳ ನಂತರ ಎಮಿಲಿ ತನ್ನ ಮೊದಲ ಕಾದಂಬರಿಯನ್ನು ಓದಲು ಕೊಡುವುದು ಅವನಿಗೇ, ಏಕೆಂದರೆ ಪುಸ್ತಕಗಳ ಬಗ್ಗೆ ಅವಳ ಜೊತೆ ಸಮವಾಗಿ ಮಾತಾಡಬಲ್ಲವನು ಅವನೇ ಎಂದು ನಂಬಿದ್ದಾಳೆ. ಅದು ಒಳ್ಳೆಯ ಪುಸ್ತಕ ಎಂದು ಅವನಿಗೆ ಗೊತ್ತು. ಆದರೂ ಹುರುಳಿಲ್ಲದ್ದು ಎಂಬರ್ಥದಲ್ಲಿ ಹೇಳುತ್ತಾನೆ. ಎಮಿಲಿ ಹಸ್ತಪ್ರತಿಯನ್ನು ಸುಟ್ಟು, ಕಣ್ಣು ಕಾಣದೆ ಓಡಿ, ಮೆಟ್ಟಿಲ ಮೇಲೆ ಎಡವಿ ಬೀಳುತ್ತಾಳೆ, ಹೊಲಿಗೆಬುಟ್ಟಿಯ ಕತ್ತರಿ ಕಾಲಿಗೆ ಚುಚ್ಚುತ್ತದೆ. ಆಮೇಲೆ ಅವನ ಜೊತೆ ನಿಶ್ಚಿತಾರ್ಥ, ಅದು ಮುರಿಯುವಾಗ ಅವನ ತಪ್ಪೊಪ್ಪಿಗೆ. ಡಯಾನಾ ಆನ್‌ಳ ಕಥೆಗೆ ಬೇಕಿಂಗ್ ಪೌಡರ್ ಸೇರಿಸಿದ್ದನ್ನೂ, ಡೀನ್ ಎಮಿಲಿಯ ಕಾದಂಬರಿಗೆ ಮಾಡಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಬ್ಬಳಿಗೆ ಬರವಣಿಗೆ ಅರ್ಥವಾಗುವುದಿಲ್ಲ, ಆದರೆ ಅದು ಉಳಿಯಬೇಕು, ಗೆಲ್ಲಬೇಕು. ಇನ್ನೊಬ್ಬನಿಗೆ ಪೂರ್ತಿ ಅರ್ಥವಾಗುತ್ತದೆ, ಅದಕ್ಕೇ ಅದು ಸಾಯಬೇಕು. ಯಾವುದನ್ನು ಪ್ರೀತಿ ಎನ್ನಬೇಕೆಂದು ನನಗೆ ಅನುಮಾನವಿಲ್ಲ.

ಅಮೆರಿಕದ ಮಿನೆಸೋಟಾದ ಮಾಡ್ ಹಾರ್ಟ್ ಲವ್ಲೇಸ್ 1940ರಿಂದ ಬರೆದ ಬೆಟ್ಸಿ-ಟೇಸಿ ಪುಸ್ತಕಗಳನ್ನೂ ಇಲ್ಲಿ ನೆನೆಯಬೇಕು. ಐದು ವರ್ಷಕ್ಕೆ ಎದುರುಬದುರು ಮನೆಯಲ್ಲಿ ಶುರುವಾದ ಗೆಳೆತನ, ಮೂರನೆಯವಳು ಟಿಬ್ ಸೇರಿದ ಮೇಲೂ, ಮೂವರೂ ಒಂದೇ ಹೈಸ್ಕೂಲಿನಲ್ಲಿ ಓದಿ, ಮದುವೆಯಾದ ಮೇಲೂ ಉಳಿಯುತ್ತದೆ. ಬೆಟ್ಸಿಯ ಜೋ ಎಂಬ ಹುಡುಗ ಒಳ್ಳೆಯವನು, ಅವನಿಂದ ಗೆಳತಿಯರ ಕುರ್ಚಿ ಖಾಲಿಯಾಗುವುದಿಲ್ಲ. ಸಂಘರ್ಷ ಕಡಿಮೆ, ನೆಮ್ಮದಿ ಜಾಸ್ತಿ.

ಮಾಂಟ್ಗೊಮೆರಿಯವರ ಬದುಕಿನಲ್ಲಿ ಆ ನೆಮ್ಮದಿ ಇರಲಿಲ್ಲ. 1911ರಲ್ಲಿ ಪಾದ್ರಿ ಇವಾನ್ ಮ್ಯಾಕ್ಡೊನಾಲ್ಡ್‌ರನ್ನು ಮದುವೆಯಾದರು. ಆದರೆ ಅವರ ಆತ್ಮದ ಜೊತೆಗಾತಿ ಸೋದರಸಂಬಂಧಿ ಫ್ರೆಡರಿಕಾ ಕ್ಯಾಂಬೆಲ್, ಪ್ರೀತಿಯ ಫ್ರೀಡ್. ಮೊದಲ ಮಹಾಯುದ್ಧದ ಕೊನೆಗೆ ಬಂದ ಇನ್ಫ್ಲುಯೆಂಜಾ ಕಾಲದಲ್ಲಿ, 1919ರ ಜನವರಿ 25ರಂದು ಫ್ರೀಡ್ ತೀರಿಕೊಂಡರು. ಎರಡು ವರ್ಷದ ನಂತರ ಬಂದ 'ರಿಲ್ಲಾ ಆಫ್ ಇಂಗಲ್‌ಸೈಡ್' ಅವರಿಗೇ ಅರ್ಪಣೆ: ಆ ದಿನ ಬೆಳಕು ಹರಿಯುವ ಹೊತ್ತಿಗೆ ನನ್ನನ್ನು ಬಿಟ್ಟು ಹೋದವಳಿಗೆ, ನಿಜವಾದ ಗೆಳತಿಗೆ. ಹೆಣ್ಣಿನ ಗೆಳೆತನ ಬಾಲ್ಯಕ್ಕೆ ಮುಗಿಯುವುದಿಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಾಯುವುದಕ್ಕೆ ಮೂರು ವರ್ಷ ಮುಂಚೆ, 1939ರಲ್ಲಿ ಬಂದ 'ಆನ್ ಆಫ್ ಇಂಗಲ್‌ಸೈಡ್' ಶುರುವಾಗುವುದೇ ಆನ್ ಮತ್ತು ಡಯಾನಾ ಅವಾನ್ಲೀಯಲ್ಲಿ ಒಟ್ಟಿಗೆ ಕಳೆಯುವ ಒಂದು ದಿನದಿಂದ. ಇಬ್ಬರಿಗೂ ಮಕ್ಕಳಿದ್ದಾರೆ. ಆನ್‌ಳ ಅವಳಿಗಳ ಹೆಸರು ನ್ಯಾನ್ ಮತ್ತು ಡೈ, ಎಂದರೆ ಆನ್ ಮತ್ತು ಡಯಾನಾ. ಡಯಾನಾಳ ಮಗಳು ಆನ್ ಕಾರ್ಡೀಲಿಯಾ. ಹಳೆಯ ಜಾಗಗಳಿಗೆಲ್ಲ ಹೋಗಿ ಬುತ್ತಿ ಬಿಚ್ಚಿ ತಿನ್ನುತ್ತಾರೆ. ಎಷ್ಟೋ ವರ್ಷ, ಎಷ್ಟೋ ಪುಸ್ತಕ ಡಯಾನಾಳನ್ನು ಪಕ್ಕಕ್ಕೆ ಸರಿಸಿದ ಲೇಖಕಿ ಅವಳಿಗೊಂದು ದಿನವನ್ನು ಪೂರ್ತಿಯಾಗಿ ಕೊಟ್ಟಿದ್ದಾರೆ. ನನಗೆ ಅದು ಸಾಲದು.

ಡಯಾನಾಗೆ ಕಲ್ಪನಾಶಕ್ತಿ ಕಡಿಮೆ, ಓದು ಅವಳ ಸ್ವಭಾವಕ್ಕೆ ಒಗ್ಗುವಂಥದ್ದಲ್ಲ, ಆದ್ದರಿಂದ ಅವಳು ಹಿಂದುಳಿದಳು ಎನ್ನುವವರು ಪುಸ್ತಕವನ್ನು ಇನ್ನೊಮ್ಮೆ ತೆರೆಯಲಿ. ಇಪ್ಪತ್ತಾರನೆಯ ಅಧ್ಯಾಯದ ಕಥಾ ಕ್ಲಬ್ಬಿನಲ್ಲಿ ಅವಳೂ ಬರೆಯುತ್ತಾಳೆ, ಪಾತ್ರಗಳನ್ನು ಏನು ಮಾಡಬೇಕೆಂದು ತಿಳಿಯದೆ ಕೊಂದುಹಾಕುತ್ತಾಳೆ, ಹೀಗಾಗಿ ಅವಳ ಕಥೆಗಳಲ್ಲಿ ಕೊಲೆ ವಿಪರೀತ. ಬರೆಯಲು ಕೂತ ಯಾವ ಹದಿಮೂರರ ಹುಡುಗಿ ಹಾಗೆ ಮಾಡಿಲ್ಲ? ಅದಕ್ಕೂ ಮುಂಚೆ, ಹನ್ನೆರಡನೆಯ ಅಧ್ಯಾಯದಲ್ಲಿ, ಆನ್ ಮರಿಲ್ಲಾ ಜೊತೆ ಮೊದಲ ಸಲ ಬ್ಯಾರಿಯವರ ಮನೆಗೆ ಕಾಲಿಟ್ಟಾಗ ಡಯಾನಾ ಸೋಫಾದ ಮೇಲೆ ಕೂತು ಪುಸ್ತಕ ಓದುತ್ತಿರುತ್ತಾಳೆ. ಇವಳು ಅತಿಯಾಗಿ ಓದುತ್ತಾಳೆ, ಅಪ್ಪನದೂ ಅದಕ್ಕೆ ಕುಮ್ಮಕ್ಕು, ಯಾವಾಗಲೂ ಪುಸ್ತಕದಲ್ಲೇ ಮುಳುಗಿರುತ್ತಾಳೆ ಎಂದು ಮಿಸೆಸ್ ಬ್ಯಾರಿ ದೂರುತ್ತಾರೆ. ಜೊತೆಗೊಬ್ಬಳು ಸಿಕ್ಕಿದ್ದು ಒಳ್ಳೆಯದಾಯಿತು, ಇನ್ನಾದರೂ ಪುಸ್ತಕ ಬಿಟ್ಟು ಹೊರಗೆ ಆಡಿಕೊಳ್ಳಬಹುದು ಎಂದು ಇಬ್ಬರನ್ನೂ ತೋಟಕ್ಕೆ ಕಳಿಸುವವರೂ ಅವರೇ.